ಡಿಜಿಟಲ್ ಸಹಿ: ಇದ್ದರೆ ಸಾಲದು, ಪರಿಶೀಲನೆಯೂ ಆಗಬೇಕು

ಇಂದು ವರ್ತಕರ ಕೈಸೇರುವ ಪಿಡಿಎಫ್ ಕಡತಗಳು ಹಲವು ಬಗೆಯವು: ಇನ್‌ವಾಯ್ಸ್, ಖರೀದಿ ಆದೇಶ, ಟೆಂಡರ್ ಪತ್ರ, ಇಲಾಖೆಯ ನೋಟಿಸು, ನ್ಯಾಯಾಲಯದ ಆದೇಶ. ಇವುಗಳಲ್ಲಿ ಅನೇಕವುಗಳ ಪುಟದ ಅಂಚಿನಲ್ಲಿ ಒಂದು ಚಿಕ್ಕ ಚೌಕಟ್ಟು ಕಾಣಸಿಗುತ್ತದೆ. ಅದರಲ್ಲಿ ಸಹಿದಾರರ ಹೆಸರು, ದಿನಾಂಕ ಮತ್ತು ವೇಳೆ ಇರುತ್ತವೆ. ಮೇಲೊಂದು ಹಳದಿ ಬಣ್ಣದ ಪ್ರಶ್ನಾರ್ಥಕ ಚಿಹ್ನೆ. ಜೊತೆಗೆ ‘ಸಿಗ್ನೇಚರ್ ನಾಟ್ ವೆರಿಫೈಡ್’ ಎಂಬ ಮೂರು ಪದಗಳು. ಈ ಪದಗಳನ್ನು ಓದಿ ನಿಲ್ಲುವವರು ವಿರಳ. ಕಡತವನ್ನು ಮುದ್ರಿಸಿ, ಫೈಲಿಗೆ ಸೇರಿಸಿ, ಮುಂದಿನ ಕೆಲಸಕ್ಕೆ ಹೋಗುವುದೇ ಬಹುತೇಕ ಕಚೇರಿಗಳ ರೂಢಿ.

ಈ ಪದಗಳ ಬಗೆಗೆ ಎರಡು ತಪ್ಪು ತಿಳಿವಳಿಕೆಗಳಿವೆ. ಚೌಕಟ್ಟು ಇದೆಯೆಂದ ಮೇಲೆ ಸಹಿ ಆಗಿಯೇ ಇದೆ ಎಂದು ಕೆಲವರು ಭಾವಿಸುತ್ತಾರೆ. ಹಳದಿ ಚಿಹ್ನೆ ಬಂದಿರುವುದರಿಂದ ದಾಖಲೆ ನಕಲಿ ಎಂದು ಇನ್ನು ಕೆಲವರು ಗಾಬರಿಯಾಗುತ್ತಾರೆ. ಎರಡೂ ಸರಿಯಲ್ಲ. ಸದರಿ ಗಣಕಯಂತ್ರವು ಈ ಸಹಿಯನ್ನು ಇನ್ನೂ ಪರಿಶೀಲಿಸಿ ಒಪ್ಪಿಲ್ಲ ಎಂಬುದಷ್ಟೇ ಆ ಪದಗಳ ಅರ್ಥ. ಕೈಗೆ ಬಂದ ಚೆಕ್ಕು ಬ್ಯಾಂಕಿನಲ್ಲಿ ಪಾಸಾಗುವವರೆಗೆ ಹಣವಲ್ಲ. ಹಾಗೆಯೇ ಪರಿಶೀಲನೆಗೆ ಒಳಪಡದ ಡಿಜಿಟಲ್ ಸಹಿ, ಅದನ್ನು ಪಡೆದವನ ಪಾಲಿಗೆ ಸಹಿಯಲ್ಲ. ಸಹಿ ಮಾಡುವುದನ್ನು ನಮ್ಮ ವ್ಯಾಪಾರ ವಲಯ ಸಾಕಷ್ಟು ಕಲಿತಿದೆ. ಬಂದ ಸಹಿಯನ್ನು ಪರೀಕ್ಷಿಸುವುದನ್ನು ಇನ್ನೂ ಕಲಿಯಬೇಕಾಗಿದೆ.

ಕಾನೂನಿನಲ್ಲಿ ಡಿಜಿಟಲ್ ಸಹಿಯ ಸ್ಥಾನ

ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000 ಜಾರಿಗೆ ಬಂದದ್ದು 2000ದ ಅಕ್ಟೋಬರ್ 17ರಂದು. ಕಾನೂನು ಸಹಿಯನ್ನು ಕೇಳುವ ಕಡೆ, ನಿಗದಿತ ರೀತಿಯ ಡಿಜಿಟಲ್ ಸಹಿಯಿದ್ದರೆ ಆ ಅಗತ್ಯ ಪೂರೈಸಿದಂತೆ ಎಂದು ಅದರ 5ನೇ ಕಲಂ ಹೇಳುತ್ತದೆ. 2008ರ ತಿದ್ದುಪಡಿಯು 2009ರ ಅಕ್ಟೋಬರ್ 27ರಂದು ಜಾರಿಯಾಗಿ, ‘ಡಿಜಿಟಲ್ ಸಹಿ’ಯ ಜೊತೆಗೆ ‘ವಿದ್ಯುನ್ಮಾನ ಸಹಿ’ ಎಂಬ ವಿಶಾಲವಾದ ಪರಿಕಲ್ಪನೆಯನ್ನೂ ತಂದಿತು. ಆಧಾರ್ ಆಧಾರಿತ ಇ-ಸೈನ್ ವ್ಯವಸ್ಥೆ ಈ ದಾರಿಯಲ್ಲಿ ಬಂದದ್ದು.

ಅಂದಿನಿಂದ ಈ ಸಹಿ ಉದ್ಯಮಿಗಳ ದೈನಂದಿನ ಅಗತ್ಯವಾಗಿದೆ. ಕಂಪನಿ ವ್ಯವಹಾರಗಳ ಸಚಿವಾಲಯಕ್ಕೆ ಸಲ್ಲಿಸುವ ನಮೂನೆಗಳು, ಲೆಕ್ಕಪರಿಶೋಧನೆಗೆ ಒಳಪಟ್ಟ ಆದಾಯ ತೆರಿಗೆ ವಿವರಣೆಗಳು, ಕಂಪನಿಗಳ ಜಿಎಸ್‌ಟಿ ನೋಂದಣಿ, ಸರ್ಕಾರಿ ಟೆಂಡರುಗಳು ಇವೆಲ್ಲವೂ ಯುಎಸ್‌ಬಿ ಟೋಕನ್ನಿನ ಸುತ್ತ ನಡೆಯುತ್ತಿವೆ. ಎರಡನೇ ದರ್ಜೆಯ ಪ್ರಮಾಣಪತ್ರಗಳ ವಿತರಣೆ 2021ರ ಜನವರಿ 1ರಿಂದ ನಿಂತು, ಈಗ ವ್ಯಾಪಾರಕ್ಕೆ ಬಳಕೆಯಲ್ಲಿರುವುದು ಮೂರನೇ ದರ್ಜೆಯದು. ಆದರೆ ಇವೆಲ್ಲವೂ ವರ್ತಕನು ತಾನು ಸಹಿ ಮಾಡುವ ಸಂದರ್ಭಗಳು. ಆಗ ಪರಿಶೀಲನೆ ಮಾಡುವುದು ಇಲಾಖೆಯ ಗಣಕಯಂತ್ರ. ಸಹಿಯಿರುವ ದಾಖಲೆ ವರ್ತಕನ ಕೈಗೇ ಬಂದಾಗ ಪರಿಶೀಲಿಸಬೇಕಾದವನು ಅವನೇ.

ಸಹಿ ಕೆಲಸ ಮಾಡುವ ಬಗೆ

ಡಿಜಿಟಲ್ ಸಹಿಯೆಂದರೆ ಕೈಬರಹದ ಸಹಿಯ ಚಿತ್ರವಲ್ಲ. ಸಹಿದಾರನ ಬಳಿ ಒಂದು ಜೋಡಿ ಕೀಲಿಗಳಿರುತ್ತವೆ. ಒಂದು ಖಾಸಗಿ ಕೀಲಿ. ಅದು ಟೋಕನ್ನಿನೊಳಗೆ ಹುಟ್ಟಿ ಅಲ್ಲಿಯೇ ಉಳಿಯುತ್ತದೆ, ಅದನ್ನು ಹೊರಕ್ಕೆ ನಕಲು ಮಾಡಲಾಗದು. ಮತ್ತೊಂದು ಸಾರ್ವಜನಿಕ ಕೀಲಿ. ಅದನ್ನು ಯಾರಿಗಾದರೂ ಕೊಡಬಹುದು.

ಸಹಿ ಮಾಡುವಾಗ ತಂತ್ರಾಂಶವು ಮೊದಲು ಇಡೀ ದಾಖಲೆಯಿಂದ ‘ಹ್ಯಾಷ್’ ಎಂಬ ಒಂದು ಅಂಕಿಯನ್ನು ಲೆಕ್ಕಹಾಕುತ್ತದೆ. ದಾಖಲೆ ಒಂದು ಪುಟದ್ದಾಗಲಿ ಸಾವಿರ ಪುಟದ್ದಾಗಲಿ, ಎಸ್‌ಎಚ್‌ಎ-256 ಎಂಬ ವಿಧಾನದಲ್ಲಿ ಆ ಅಂಕಿಯ ಉದ್ದ 256 ಬಿಟ್. ದಾಖಲೆಯಲ್ಲಿ ಒಂದು ಅಲ್ಪವಿರಾಮ ಬದಲಾದರೂ ಅಂಕಿ ಪೂರ್ತಿ ಬದಲಾಗುತ್ತದೆ. ಈ ಅಂಕಿಯ ಮೇಲೆ ಖಾಸಗಿ ಕೀಲಿಯಿಂದ ನಡೆಸಿದ ಗಣಿತದ ಫಲಿತಾಂಶವೇ ಸಹಿ. ಪಡೆದವನ ತಂತ್ರಾಂಶವು ತಾನೂ ದಾಖಲೆಯ ಹ್ಯಾಷ್ ಲೆಕ್ಕಹಾಕಿ, ಸಾರ್ವಜನಿಕ ಕೀಲಿಯ ನೆರವಿನಿಂದ ಸಹಿಯೊಡನೆ ತಾಳೆ ನೋಡುತ್ತದೆ. ತಾಳೆಯಾದರೆ ಎರಡು ಸಂಗತಿಗಳು ರುಜುವಾತಾಗುತ್ತವೆ: ದಾಖಲೆ ಸಹಿಯಾದ ನಂತರ ಬದಲಾಗಿಲ್ಲ, ಸಹಿಯು ಈ ಸಾರ್ವಜನಿಕ ಕೀಲಿಯ ಜೋಡಿಯಿಂದಲೇ ಆದದ್ದು.

ಆದರೆ ಆ ಕೀಲಿ ಯಾರದು? ಈ ಪ್ರಶ್ನೆಗೆ ಗಣಿತದಲ್ಲಿ ಉತ್ತರವಿಲ್ಲ. ಉತ್ತರ ಕೊಡುವುದಕ್ಕಾಗಿಯೇ ಪ್ರಮಾಣಪತ್ರ ಬಂದಿತು.

ತೂಕದ ಬಟ್ಟು ಮತ್ತು ನಂಬಿಕೆಯ ಸರಪಳಿ

ಈ ಕೀಲಿ ಇಂಥ ವ್ಯಕ್ತಿಯದು ಎಂದು ಪ್ರಮಾಣೀಕರಣ ಪ್ರಾಧಿಕಾರವೊಂದು ತನ್ನ ಸಹಿ ಹಾಕಿ ಹೇಳುವ ಹೇಳಿಕೆಯೇ ಪ್ರಮಾಣಪತ್ರ. ಆ ಪ್ರಾಧಿಕಾರದ ಸಹಿಯನ್ನು ನಂಬುವುದು ಹೇಗೆ? ಅದಕ್ಕೆ ಪರವಾನಗಿ ಕೊಟ್ಟು, ಅದರ ಕೀಲಿಗೆ ಸಹಿ ಹಾಕಿರುವವರು ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರು. ಈ ಕಚೇರಿ ಸಿಸಿಎ ಎಂಬ ಕಿರುಹೆಸರಿನಿಂದ ಪರಿಚಿತ. ದೇಶದ ಮೂಲ ಪ್ರಮಾಣಪತ್ರ ಇರುವುದು ಈ ಕಚೇರಿಯಲ್ಲಿ.

ವರ್ತಕರಿಗೆ ಈ ಏರ್ಪಾಡು ಹೊಸದೇನಲ್ಲ. ಅಂಗಡಿಯ ತೂಕದ ಬಟ್ಟಿಗೆ ಕಾನೂನು ಮಾಪನ ಇಲಾಖೆಯ ನಿರೀಕ್ಷಕರು ಮುದ್ರೆ ಒತ್ತುತ್ತಾರೆ. ಅವರ ಬಳಿಯಿರುವ ಕಾರ್ಯಮಾನಕವನ್ನು ದ್ವಿತೀಯ ಮಾನಕದೊಡನೆ, ದ್ವಿತೀಯ ಮಾನಕವನ್ನು ಆಧಾರ ಮಾನಕದೊಡನೆ ಹೋಲಿಸಿ ನೋಡಲಾಗುತ್ತದೆ. ಇಂಥ ಆಧಾರ ಮಾನಕಗಳ ಪ್ರಾದೇಶಿಕ ಪ್ರಯೋಗಾಲಯಗಳಲ್ಲಿ ಒಂದು ಬೆಂಗಳೂರಿನಲ್ಲಿದೆ. ಗ್ರಾಹಕ ನಂಬುವುದು ಅಂಗಡಿಯವನ ಬಟ್ಟನ್ನಲ್ಲ. ಮುದ್ರೆಯ ಮೂಲಕ ಅದರ ಹಿಂದಿರುವ ಈ ಸರಪಳಿಯನ್ನು. ಮುದ್ರೆಯಿಲ್ಲದ ಬಟ್ಟಿನ ಮೇಲೆ ‘ಒಂದು ಕಿಲೋ’ ಎಂದು ಎಷ್ಟು ದೊಡ್ಡದಾಗಿ ಕೊರೆದಿದ್ದರೂ ಅದಕ್ಕೆ ಬೆಲೆಯಿಲ್ಲ.

ಡಿಜಿಟಲ್ ಸಹಿಯ ವಿಷಯದಲ್ಲಿ ಈ ಎಚ್ಚರ ಮತ್ತೂ ಅಗತ್ಯ. ಪಿಡಿಎಫ್ ತಂತ್ರಾಂಶಗಳಲ್ಲಿ ಯಾರು ಬೇಕಾದರೂ ತಮಗೆ ಬೇಕಾದ ಹೆಸರು, ಕಂಪನಿ, ಹುದ್ದೆ ಬರೆದುಕೊಂಡು ಕೆಲವೇ ನಿಮಿಷಗಳಲ್ಲಿ ಸ್ವಯಂಸಹಿಯ ಪ್ರಮಾಣಪತ್ರ ತಯಾರಿಸಿಕೊಳ್ಳಬಹುದು. ಅದರಿಂದ ಆದ ಸಹಿಯೂ ಗಣಿತದ ದೃಷ್ಟಿಯಿಂದ ದೋಷರಹಿತವೇ. ಅದರ ಹಿಂದೆ ಯಾರ ಮುದ್ರೆಯೂ ಇಲ್ಲ ಎಂಬುದೇ ವ್ಯತ್ಯಾಸ. ಸರಪಳಿಯನ್ನು ಮೂಲದವರೆಗೆ ನೋಡಿದವನಿಗೆ ಮಾತ್ರ ಈ ವ್ಯತ್ಯಾಸ ಕಾಣುತ್ತದೆ.

ಕೇಳಬೇಕಾದ ನಾಲ್ಕು ಪ್ರಶ್ನೆಗಳು

ಉದಾಹರಣೆಗೆ, ಬೆಳಗಾವಿಯ ಎರಕದ ಕಾರ್ಖಾನೆಯೊಂದಕ್ಕೆ ಹೊರರಾಜ್ಯದ ಹೊಸ ಗ್ರಾಹಕರಿಂದ ಪಂಪಿನ ಬಿಡಿಭಾಗಗಳಿಗೆ ಖರೀದಿ ಆದೇಶ ಬಂದಿದೆ ಎಂದು ಭಾವಿಸಬಹುದು. ಮೊತ್ತ ದೊಡ್ಡದು; ಮೂವತ್ತು ದಿನಗಳ ಉದ್ದರಿ. ಆದೇಶದ ಮೇಲೆ ಡಿಜಿಟಲ್ ಸಹಿಯಿದೆ. ಕಬ್ಬಿಣ ಕರಗಿಸುವ ಮುನ್ನ ಕಾರ್ಖಾನೆಯವರು ನಾಲ್ಕು ಪ್ರಶ್ನೆಗಳನ್ನು ಕೇಳಬೇಕು.

ಒಂದು: ದಾಖಲೆ ಸಹಿಯಾದ ನಂತರ ಬದಲಾಗಿದೆಯೇ? ದರವನ್ನೋ ಪ್ರಮಾಣವನ್ನೋ ಯಾರಾದರೂ ತಿದ್ದಿದ್ದರೆ ಹ್ಯಾಷ್ ತಾಳೆಯಾಗದು. ತಂತ್ರಾಂಶವು ಇದನ್ನು ತಾನಾಗಿಯೇ ಹೇಳುತ್ತದೆ.

ಎರಡು: ಸಹಿ ಯಾರದು, ಅದಕ್ಕೆ ಯಾರ ಮುದ್ರೆಯಿದೆ? ಪ್ರಮಾಣಪತ್ರದಲ್ಲಿ ವ್ಯಕ್ತಿಯ ಹೆಸರು, ಸಂಸ್ಥೆಯ ಹೆಸರು, ವಿತರಿಸಿದ ಪ್ರಾಧಿಕಾರ, ಕ್ರಮಸಂಖ್ಯೆ ಇರುತ್ತವೆ. ಸರಪಳಿಯು ಸಿಸಿಎಯ ಮೂಲ ಪ್ರಮಾಣಪತ್ರದವರೆಗೆ ತಲುಪಬೇಕು. ಸಂಸ್ಥೆಯ ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚುಕಡಿಮೆಯಿದ್ದರೆ ಅದು ಬೇರೆಯೇ ಸಂಸ್ಥೆ.

ಮೂರು: ಸಹಿ ಮಾಡಿದ ಹೊತ್ತಿನಲ್ಲಿ ಪ್ರಮಾಣಪತ್ರ ಊರ್ಜಿತವಾಗಿತ್ತೇ? ಅವಧಿ ಮುಗಿದಿರಬಹುದು, ಅಥವಾ ಅವಧಿಗೆ ಮುಂಚೆಯೇ ರದ್ದಾಗಿರಬಹುದು. ನೌಕರ ಕೆಲಸ ಬಿಟ್ಟಾಗ, ಟೋಕನ್ ಕಳೆದಾಗ, ಪಾಲುದಾರಿಕೆ ಮುರಿದಾಗ ಪ್ರಮಾಣಪತ್ರವನ್ನು ರದ್ದುಪಡಿಸಲಾಗುತ್ತದೆ. ರದ್ದಾದವುಗಳ ಪಟ್ಟಿಯನ್ನು ಪ್ರಾಧಿಕಾರಗಳು ಪ್ರಕಟಿಸುತ್ತವೆ. ಈ ಪಟ್ಟಿಯನ್ನು ನೋಡಲು ಅಂತರಜಾಲ ಸಂಪರ್ಕ ಬೇಕು. ಸಂಪರ್ಕವಿಲ್ಲದ ಗಣಕಯಂತ್ರದಲ್ಲಿ ನಡೆದ ಪರಿಶೀಲನೆ ಅರ್ಧ ಪರಿಶೀಲನೆಯಷ್ಟೇ.

ನಾಲ್ಕು: ಸಹಿದಾರನಿಗೆ ಅಧಿಕಾರವಿತ್ತೇ? ಇದನ್ನು ಯಾವ ತಂತ್ರಾಂಶವೂ ಹೇಳಲಾರದು. ಪ್ರಮಾಣಪತ್ರವು ವ್ಯಕ್ತಿಯ ಗುರುತನ್ನು ಹೇಳುತ್ತದೆಯೇ ಹೊರತು, ಅವನು ಎಷ್ಟು ಮೊತ್ತದ ಆದೇಶ ಕೊಡಬಲ್ಲ ಎಂಬುದನ್ನಲ್ಲ. ಅದಕ್ಕೆ ಹಳೆಯ ಕ್ರಮವೇ ಗತಿ: ಆಡಳಿತ ಮಂಡಳಿಯ ನಿರ್ಣಯದ ಪ್ರತಿ, ಅಧಿಕಾರಪತ್ರ, ಗೊತ್ತಿರುವ ದೂರವಾಣಿ ಸಂಖ್ಯೆಗೆ ಒಂದು ಕರೆ. ಸಹಿ ಅಪ್ಪಟವಾದ ಮಾತ್ರಕ್ಕೆ ಸಹಿದಾರ ಪ್ರಾಮಾಣಿಕನೆಂದಾಗಲಿ, ಮೂವತ್ತನೆಯ ದಿನ ಹಣ ಬರುತ್ತದೆಯೆಂದಾಗಲಿ ಆಗದು.

ಹಸಿರು ಗುರುತು ಉತ್ತರಿಸುವುದು ಮೊದಲ ಮೂರು ಪ್ರಶ್ನೆಗಳಿಗೆ, ಅದೂ ತಂತ್ರಾಂಶವನ್ನು ಸರಿಯಾಗಿ ಅಣಿಗೊಳಿಸಿದ್ದಾಗ ಮಾತ್ರ.

ಪರದೆಯ ಮೇಲೆ ಮಾಡಬೇಕಾದದ್ದು

ಮೊದಲನೆಯದಾಗಿ, ಪುಟದ ಮೇಲೆ ಕಾಣುವ ಚೌಕಟ್ಟನ್ನು ನಂಬಬಾರದು. ಅದು ಬರಿಯ ಚಿತ್ರ. ಹಸಿರು ಗುರುತಿನ ಚಿತ್ರವನ್ನೂ ‘ಸಿಗ್ನೇಚರ್ ವ್ಯಾಲಿಡ್’ ಎಂಬ ಪದಗಳನ್ನೂ ಯಾರಾದರೂ ಅಂಟಿಸಬಹುದು. ಬ್ರೌಸರುಗಳಲ್ಲಿ ಮತ್ತು ಮೊಬೈಲಿನ ಬಹುತೇಕ ವೀಕ್ಷಕ ತಂತ್ರಾಂಶಗಳಲ್ಲಿ ಕಡತ ತೆರೆದಾಗ ಕಾಣುವುದು ಈ ಚಿತ್ರವಷ್ಟೇ. ಅಲ್ಲಿ ಪರಿಶೀಲನೆ ನಡೆದಿರುವುದಿಲ್ಲ. ಮುದ್ರಿಸಿದ ಪ್ರತಿಯದೂ ಅದೇ ಕಥೆ. ಕಾಗದದ ಮೇಲೆ ಸಹಿಯ ಗುರುತು ಉಳಿಯುತ್ತದೆ, ಸಹಿ ಉಳಿಯುವುದಿಲ್ಲ.

ಕಡತವನ್ನು ಅಡೋಬಿ ರೀಡರ್‌ನಂತಹ, ಸಹಿ ಪರಿಶೀಲಿಸಬಲ್ಲ ತಂತ್ರಾಂಶದಲ್ಲಿ ತೆರೆದು, ‘ಸಿಗ್ನೇಚರ್ ಪ್ಯಾನೆಲ್’ ಎಂಬ ಭಾಗವನ್ನು ನೋಡಬೇಕು. ಅಲ್ಲಿ ಸಹಿಯ ಹೆಸರೇ ಇಲ್ಲದಿದ್ದರೆ ಪುಟದ ಮೇಲಿನದು ಕೇವಲ ಚಿತ್ರ. ಇದ್ದರೆ ‘ಸಿಗ್ನೇಚರ್ ಪ್ರಾಪರ್ಟೀಸ್’ ತೆರೆದು, ದಾಖಲೆ ಬದಲಾಗಿಲ್ಲವೆಂಬ ಹೇಳಿಕೆಯನ್ನು ಓದಿ, ಸಹಿದಾರರ ಪ್ರಮಾಣಪತ್ರವನ್ನೂ ಅದರ ಮೇಲಿನ ಸರಪಳಿಯನ್ನೂ ನೋಡಬೇಕು.

ಹಳದಿ ಚಿಹ್ನೆ ಬರಲು ಸಾಮಾನ್ಯ ಕಾರಣ, ಆ ತಂತ್ರಾಂಶದ ವಿಶ್ವಾಸಾರ್ಹರ ಪಟ್ಟಿಯಲ್ಲಿ ಭಾರತದ ಮೂಲ ಪ್ರಮಾಣಪತ್ರ ಇಲ್ಲದಿರುವುದು. ಇಲ್ಲಿಯೇ ದೊಡ್ಡ ಅಪಾಯವೊಂದಿದೆ. ಕಡತದೊಳಗಿನ ಪ್ರಮಾಣಪತ್ರವನ್ನೇ ವಿಶ್ವಾಸಾರ್ಹರ ಪಟ್ಟಿಗೆ ಸೇರಿಸಿಬಿಟ್ಟರೆ ಕೂಡಲೇ ಹಸಿರು ಗುರುತು ಬರುತ್ತದೆ ಎಂಬ ಸಲಹೆ ವ್ಯಾಪಕವಾಗಿದೆ. ಗುರುತು ಬರುವುದು ನಿಜ. ಆದರೆ ವಂಚಕನ ಸ್ವಯಂಸಹಿಯ ಪ್ರಮಾಣಪತ್ರವನ್ನು ಸೇರಿಸಿದರೂ ಅದೇ ಹಸಿರು ಗುರುತು ಬರುತ್ತದೆ. ಅಪರಿಚಿತನೊಬ್ಬ ತನಗೆ ತಾನೇ ಕೊಟ್ಟುಕೊಂಡ ಶಿಫಾರಸನ್ನು ಒಪ್ಪಿದಂತಾಯಿತು.

ಸರಿಯಾದ ಕ್ರಮ ಬೇರೆ. ಸಿಸಿಎ ಕಚೇರಿಯ ಅಧಿಕೃತ ಜಾಲತಾಣದಿಂದ ಮೂಲ ಪ್ರಮಾಣಪತ್ರವನ್ನು ಪಡೆಯಬೇಕು. ‘ಸಿಸಿಎ ಇಂಡಿಯಾ’ ಎಂಬ ಹೆಸರಿನ ಮುಂದೆ 2014, 2022 ಹೀಗೆ ವರ್ಷದ ಗುರುತಿರುವವು ಅವು. ಪ್ರತಿಯೊಂದು ಪ್ರಮಾಣಪತ್ರಕ್ಕೂ ‘ಥಂಬ್‌ಪ್ರಿಂಟ್’ ಎಂಬ ಗುರುತಿನ ಅಂಕಿಯಿರುತ್ತದೆ. ಪಡೆದ ಪ್ರಮಾಣಪತ್ರದ ಅಂಕಿಯನ್ನು ಪ್ರಕಟಿತ ಅಂಕಿಯೊಡನೆ ಅಕ್ಷರಶಃ ಹೋಲಿಸಿದ ಮೇಲೆ ಮಾತ್ರ ಅದನ್ನು ವಿಶ್ವಾಸಾರ್ಹರ ಪಟ್ಟಿಗೆ ಸೇರಿಸಬೇಕು. ಈ ಕೆಲಸ ಪ್ರತಿ ಮೂಲ ಪ್ರಮಾಣಪತ್ರಕ್ಕೆ ಒಮ್ಮೆ ಮಾಡಿದರೆ ಸಾಕು. ಅದರ ಅಡಿಯಲ್ಲಿ ಬರುವ ಸಾವಿರಾರು ಸಹಿಗಳನ್ನು ತಂತ್ರಾಂಶ ತಾನೇ ಗುರುತಿಸುತ್ತದೆ. ಬೇಲಿಯ ಹೊರಗಿನವನ್ನು ಹೊರಗೇ ಇಡುತ್ತದೆ.

ಪರಿಶೀಲಿಸುವ ತಂತ್ರಾಂಶ ಹಳೆಯದಾಗಿರಲೂಬಾರದು. ಜರ್ಮನಿಯ ಬೋಖುಮ್ ನಗರದ ರೂರ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ 22 ಪಿಡಿಎಫ್ ವೀಕ್ಷಕ ತಂತ್ರಾಂಶಗಳನ್ನು ಪರೀಕ್ಷಿಸಿದಾಗ, 21ರಲ್ಲಿ ಸಹಿಯಾದ ದಾಖಲೆಯ ವಿಷಯವನ್ನು ತಂತ್ರಾಂಶಕ್ಕೆ ಗೊತ್ತಾಗದಂತೆ ಬದಲಿಸಲು ಸಾಧ್ಯವಾಯಿತು. ಗಣಿತ ಸೋತದ್ದಲ್ಲ; ಕಡತದ ಯಾವ ಭಾಗಕ್ಕೆ ಸಹಿ ಅನ್ವಯಿಸುತ್ತದೆಂದು ನೋಡುವಲ್ಲಿ ತಂತ್ರಾಂಶಗಳು ಎಡವಿದ್ದವು. ಇಂತಹ ಲೋಪಗಳಿಗೆ ಪರಿಹಾರ ತಲುಪುವುದು ಪರಿಷ್ಕೃತ ಆವೃತ್ತಿಗಳ ಮೂಲಕವೇ.

ತಂತ್ರಾಂಶಕ್ಕೂ ಸಹಿಯಿದೆ

ಗಣಕಯಂತ್ರದಲ್ಲಿ ಅಳವಡಿಸುವ ತಂತ್ರಾಂಶಗಳಿಗೂ ಇದೇ ಬಗೆಯ ಸಹಿಯಿರುತ್ತದೆ. ವಿಂಡೋಸ್‌ನಲ್ಲಿ ಹೊಸ ತಂತ್ರಾಂಶ ಅಳವಡಿಸುವಾಗ ಅನುಮತಿ ಕೇಳುವ ಕಿಟಕಿಯಲ್ಲಿ ಪ್ರಕಾಶಕರ ಹೆಸರು ಕಂಡರೆ ಸಹಿ ತಾಳೆಯಾಗಿದೆಯೆಂದರ್ಥ. ‘ಅನ್‌ನೋನ್ ಪಬ್ಲಿಷರ್’ ಎಂದು ಬಂದರೆ ಸಹಿಯಿಲ್ಲ ಅಥವಾ ಅದು ನಂಬತಕ್ಕದ್ದಲ್ಲ. ಕಡತದ ‘ಪ್ರಾಪರ್ಟೀಸ್’ನಲ್ಲಿ ‘ಡಿಜಿಟಲ್ ಸಿಗ್ನೇಚರ್ಸ್’ ಎಂಬ ಭಾಗ ತೆರೆದೂ ನೋಡಬಹುದು. ಲೆಕ್ಕಪತ್ರದ ತಂತ್ರಾಂಶದ ಪೂರಕಗಳು, ಟೋಕನ್ನಿನ ಚಾಲಕ ತಂತ್ರಾಂಶ, ಸಿಎನ್‌ಸಿ ಯಂತ್ರಕ್ಕೆ ಜೋಡಿಸುವ ಕಾರ್ಯಕ್ರಮಗಳು ಇವು ಯಾವುದೋ ಕೊಂಡಿಯಿಂದಲೋ ಪೆನ್‌ಡ್ರೈವ್‌ನಿಂದಲೋ ಕಾರ್ಖಾನೆಯೊಳಗೆ ಬರುವುದುಂಟು. ಎಚ್ಚರಿಕೆಯ ಕಿಟಕಿಯನ್ನು ಓದದೆ ‘ಯೆಸ್’ ಒತ್ತುವ ಅಭ್ಯಾಸಕ್ಕೆ ತೆರಬೇಕಾದ ಬೆಲೆ ದೊಡ್ಡದು.

ಈ ಸಹಿಗೂ ಮಿತಿಯಿದೆ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ದುಷ್ಟ ತಂತ್ರಾಂಶವು ಸೀಮೆನ್ಸ್ ಕಂಪನಿಯ ಕೈಗಾರಿಕಾ ನಿಯಂತ್ರಣ ವ್ಯವಸ್ಥೆಗಳನ್ನು ಗುರಿಯಾಗಿಸಿತ್ತು. ಅದರ ಚಾಲಕ ಕಡತಗಳಲ್ಲಿ ತೈವಾನಿನ ರಿಯಲ್‌ಟೆಕ್ ಮತ್ತು ಜೆಮೈಕ್ರಾನ್ ಎಂಬ ಎರಡು ಪ್ರತಿಷ್ಠಿತ ಕಂಪನಿಗಳ ಕೀಲಿಗಳಿಂದಾದ ಸಹಿಯಿತ್ತು. ಕೀಲಿಗಳು ಅನ್ಯರ ಪಾಲಾಗಿದ್ದವು. ವಿಷಯ ತಿಳಿದ ಮೇಲೆ ಆ ಪ್ರಮಾಣಪತ್ರಗಳನ್ನು ರದ್ದುಪಡಿಸಲಾಯಿತು. 2020ರ ಡಿಸೆಂಬರಿನಲ್ಲಿ ಬಹಿರಂಗವಾದ ಸೋಲಾರ್‌ವಿಂಡ್ಸ್ ಪ್ರಕರಣ ಮತ್ತೂ ಸೂಕ್ಷ್ಮ. ಅಲ್ಲಿ ಕಂಪನಿಯ ಸಹಿಯೂ ನಿಜ, ಕೀಲಿಯೂ ಕಂಪನಿಯದೇ. ಆದರೆ ಸಹಿ ಹಾಕುವ ಮೊದಲೇ ತಂತ್ರಾಂಶದೊಳಕ್ಕೆ ದುಷ್ಟ ಭಾಗವನ್ನು ಸೇರಿಸಲಾಗಿತ್ತು. ಚೀಲದ ಬಾಯಿ ಹೊಲಿದು ಮುದ್ರೆ ಒತ್ತುವ ಮುನ್ನವೇ ಕಲಬೆರಕೆ ನಡೆದಂತೆ. ಸಹಿಯಿದೆಯೆಂದು ಬ್ಯಾಕಪ್ ತೆಗೆಯುವುದನ್ನೂ ವೈರಸ್ ನಿರೋಧಕವನ್ನೂ ಕೈಬಿಡುವಂತಿಲ್ಲ.

ಸರಪಳಿಯೇ ಸಡಿಲವಾದಾಗ

ಮುದ್ರೆ ಒತ್ತುವ ಪ್ರಾಧಿಕಾರಗಳೂ ತಪ್ಪುವುದುಂಟು. 2001ರ ಜನವರಿ ಅಂತ್ಯದಲ್ಲಿ ವೆರಿಸೈನ್ ಎಂಬ ಅಮೆರಿಕದ ಪ್ರಾಧಿಕಾರವು, ಮೈಕ್ರೋಸಾಫ್ಟ್ ನೌಕರನೆಂದು ಹೇಳಿಕೊಂಡ ವಂಚಕನಿಗೆ ಆ ಕಂಪನಿಯ ಹೆಸರಿನಲ್ಲಿ ಎರಡು ಪ್ರಮಾಣಪತ್ರಗಳನ್ನು ಕೊಟ್ಟಿತು. ಅವುಗಳನ್ನು ರದ್ದುಪಡಿಸಿದ ಮೇಲೂ ತೊಂದರೆ ಮುಗಿಯಲಿಲ್ಲ. ರದ್ದಾದವುಗಳ ಪಟ್ಟಿ ಎಲ್ಲಿದೆಯೆಂಬ ಸೂಚನೆ ಆ ಪ್ರಮಾಣಪತ್ರಗಳಲ್ಲಿ ಇಲ್ಲದ ಕಾರಣ ಮೈಕ್ರೋಸಾಫ್ಟ್ ಪ್ರತ್ಯೇಕ ಪರಿಷ್ಕರಣೆಯನ್ನೇ ಹೊರಡಿಸಬೇಕಾಯಿತು. 2011ರಲ್ಲಿ ನೆದರ್ಲೆಂಡ್ಸ್‌ನ ಡಿಜಿನೋಟಾರ್ ಪ್ರಾಧಿಕಾರದೊಳಕ್ಕೆ ನುಗ್ಗಿದವರು ಐನೂರಕ್ಕೂ ಹೆಚ್ಚು ನಕಲಿ ಪ್ರಮಾಣಪತ್ರಗಳನ್ನು ಹೊರಡಿಸಿದರು. ವಿಷಯ ಬಯಲಾದ ಕೆಲವೇ ವಾರಗಳಲ್ಲಿ, ಆ ಸೆಪ್ಟೆಂಬರಿನಲ್ಲೇ, ಸಂಸ್ಥೆ ದಿವಾಳಿಯಾಯಿತು. ನಂಬಿಕೆಯನ್ನೇ ಸರಕಾಗಿ ಮಾರುವ ಸಂಸ್ಥೆಗೆ ನಂಬಿಕೆ ಹೋದ ಮೇಲೆ ಮಾರಲು ಬೇರೇನೂ ಇರಲಿಲ್ಲ.

ಭಾರತದ ಸರಪಳಿಯೂ ಇದಕ್ಕೆ ಹೊರತಾಗಲಿಲ್ಲ. 2014ರ ಜುಲೈ 2ರಂದು, ನ್ಯಾಷನಲ್ ಇನ್ಫರ್ಮ್ಯಾಟಿಕ್ಸ್ ಸೆಂಟರ್‌ನ ಪ್ರಮಾಣೀಕರಣ ಪ್ರಾಧಿಕಾರದಿಂದ ಗೂಗಲ್‌ನ ಹಲವು ಜಾಲತಾಣಗಳ ಹೆಸರಿನಲ್ಲಿ ಅನಧಿಕೃತ ಪ್ರಮಾಣಪತ್ರಗಳು ಹೊರಟಿರುವುದು ಗೂಗಲ್‌ನ ಗಮನಕ್ಕೆ ಬಂದಿತು. ಮರುದಿನವೇ ಸಿಸಿಎ ಕಚೇರಿಯು ಆ ಪ್ರಾಧಿಕಾರದ ಮಧ್ಯವರ್ತಿ ಪ್ರಮಾಣಪತ್ರಗಳನ್ನು ರದ್ದುಪಡಿಸಿತು. ಗೂಗಲ್ ತನ್ನ ಬ್ರೌಸರಿನಲ್ಲಿ ಭಾರತದ ಮೂಲ ಪ್ರಮಾಣಪತ್ರದ ವ್ಯಾಪ್ತಿಯನ್ನು ಆಯ್ದ ಕೆಲವು ಭಾರತೀಯ ಜಾಲತಾಣಗಳಿಗೆ ಸೀಮಿತಗೊಳಿಸಲು ನಿರ್ಧರಿಸಿತು. ಮೂರೂ ಪ್ರಕರಣಗಳ ಪಾಠ ಒಂದೇ. ಪ್ರಮಾಣಪತ್ರದ ಬೆಲೆ ರದ್ದಿಯಾತಿಯ ಪಟ್ಟಿಯಲ್ಲಿದೆ. ಆ ಪಟ್ಟಿಯನ್ನು ನೋಡದ ಪರಿಶೀಲನೆ ನಿನ್ನೆಯ ಧಾರಣೆಯಲ್ಲಿ ಇಂದು ಮಾಲು ಕೊಂಡಂತೆ.

ಇ-ಇನ್‌ವಾಯ್ಸ್ ಎಂಬ ಸುಲಭದ ಅಭ್ಯಾಸ

ಪರಿಶೀಲನೆಯ ರೂಢಿ ಆರಂಭಿಸಲು ಜಿಎಸ್‌ಟಿ ಇ-ಇನ್‌ವಾಯ್ಸ್ ಒಳ್ಳೆಯ ಅವಕಾಶ. 2020ರ ಅಕ್ಟೋಬರ್ 1ರಂದು 500 ಕೋಟಿ ರೂಪಾಯಿ ಮೀರಿದ ವಹಿವಾಟಿನವರಿಗೆ ಆರಂಭವಾದ ಈ ಪದ್ಧತಿ, 2023ರ ಆಗಸ್ಟ್ 1ರಿಂದ 5 ಕೋಟಿ ರೂಪಾಯಿ ಮೀರಿದವರಿಗೂ ಅನ್ವಯವಾಯಿತು. ಇನ್‌ವಾಯ್ಸನ್ನು ನೋಂದಣಿ ಪೋರ್ಟಲ್ ಪರಿಶೀಲಿಸಿ, ಐಆರ್‌ಎನ್ ಎಂಬ ಸಂಖ್ಯೆ ಕೊಟ್ಟು, ಡಿಜಿಟಲ್ ಸಹಿಯಿರುವ ಕ್ಯೂಆರ್ ಸಂಕೇತವನ್ನು ನೀಡುತ್ತದೆ. ಮಾರಾಟಗಾರ ಮತ್ತು ಖರೀದಿದಾರರ ಜಿಎಸ್‌ಟಿ ಸಂಖ್ಯೆಗಳು, ಇನ್‌ವಾಯ್ಸಿನ ಸಂಖ್ಯೆ, ದಿನಾಂಕ, ಮೊತ್ತ ಮುಂತಾದ ವಿವರಗಳು ಅದರಲ್ಲಿರುತ್ತವೆ.

ಸರಕು ಇಳಿಸಿಕೊಳ್ಳುವ ಗುಮಾಸ್ತನೂ ಇದಕ್ಕಾಗಿಯೇ ಇರುವ ಅಧಿಕೃತ ಆ್ಯಪ್‌ನಿಂದ ಈ ಸಂಕೇತವನ್ನು ಪರಿಶೀಲಿಸಬಹುದು. ಮುದ್ರಿತ ಮೊತ್ತ ಒಂದು, ಸಂಕೇತದೊಳಗಿನ ಮೊತ್ತ ಇನ್ನೊಂದು ಆಗಿದ್ದರೆ ಅಲ್ಲಿಯೇ ತಿಳಿಯುತ್ತದೆ. ಸಾಮಾನ್ಯ ಕ್ಯೂಆರ್ ಓದುವ ಆ್ಯಪ್ ಸಾಲದು. ಅದು ಓದುತ್ತದೆ, ಸಹಿಯನ್ನು ಪರೀಕ್ಷಿಸುವುದಿಲ್ಲ. ಮತ್ತೊಂದು ಸಂಗತಿ: ಐಆರ್‌ಎನ್ ಪಡೆದ 24 ಗಂಟೆಗಳೊಳಗೆ ಮಾರಾಟಗಾರನು ಅದನ್ನು ರದ್ದುಪಡಿಸಬಹುದು. ಕಾಗದದ ಮೇಲಿನ ಕ್ಯೂಆರ್ ಸಹಿ ಆಗಲೂ ತಾಳೆಯಾಗುತ್ತದೆ. ಆದ್ದರಿಂದ ದೊಡ್ಡ ಮೊತ್ತದ ಬಿಲ್ಲುಗಳ ಐಆರ್‌ಎನ್ ಸ್ಥಿತಿಯನ್ನು ಪೋರ್ಟಲ್‌ನಲ್ಲಿಯೂ ನೋಡಿ, ಜಿಎಸ್‌ಟಿಆರ್-2ಬಿ ಪಟ್ಟಿಯೊಡನೆ ತಾಳೆ ಹಾಕುವುದು ಹೂಡುವಳಿ ತೆರಿಗೆಯ ಹಿತದೃಷ್ಟಿಯಿಂದ ಲೇಸು.

ತನ್ನ ಕೀಲಿ ತನ್ನ ಕೈಯಲ್ಲಿ

ಇತರರ ಸಹಿಯನ್ನು ಪರೀಕ್ಷಿಸುವವನು ತನ್ನ ಸಹಿಯ ಕಡೆಗೂ ನೋಡಬೇಕು. ಅನೇಕ ಸಣ್ಣ ಉದ್ದಿಮೆಗಳಲ್ಲಿ ಮಾಲೀಕನ ಟೋಕನ್ ಇರುವುದು ಲೆಕ್ಕ ಬರೆಯುವವರ ಮೇಜಿನ ಖಾನೆಯಲ್ಲಿ. ಪಿನ್ ಸಂಖ್ಯೆ ಅದಕ್ಕೆ ಅಂಟಿಸಿದ ಚೀಟಿಯಲ್ಲಿ. ಸಹಿ ಹಾಕಿದ ಖಾಲಿ ಚೆಕ್ಕಿನ ಪುಸ್ತಕವನ್ನು ಹೀಗೆ ಬಿಟ್ಟು ಹೋಗಲು ಯಾವ ವರ್ತಕನೂ ಒಪ್ಪಲಾರ.

ಅಧಿನಿಯಮದ 42ನೇ ಕಲಂ ಈ ಬಗೆಗೆ ಸ್ಪಷ್ಟವಾಗಿದೆ. ಖಾಸಗಿ ಕೀಲಿಯನ್ನು ತನ್ನ ಹಿಡಿತದಲ್ಲಿಟ್ಟುಕೊಳ್ಳಲು ಪ್ರಮಾಣಪತ್ರ ಪಡೆದವನು ಸೂಕ್ತ ಎಚ್ಚರ ವಹಿಸಬೇಕು. ಕೀಲಿ ಅನ್ಯರ ವಶವಾದರೆ ತಡಮಾಡದೆ ಪ್ರಾಧಿಕಾರಕ್ಕೆ ತಿಳಿಸಬೇಕು. ತಿಳಿಸುವವರೆಗಿನ ಹೊಣೆ ಅವನದೇ. ಸುರಕ್ಷಿತ ವಿದ್ಯುನ್ಮಾನ ಸಹಿಯನ್ನು ಆಯಾ ವ್ಯಕ್ತಿಯೇ ಸಹಿ ಮಾಡುವ ಉದ್ದೇಶದಿಂದ ಹಾಕಿದ್ದಾನೆಂದು, ವಿರುದ್ಧವಾಗಿ ರುಜುವಾತಾಗುವವರೆಗೆ ನ್ಯಾಯಾಲಯ ಭಾವಿಸುತ್ತದೆ. ಮತ್ತೊಬ್ಬರ ವಿದ್ಯುನ್ಮಾನ ಸಹಿಯನ್ನು ವಂಚನೆಯಿಂದ ಬಳಸಿದವನಿಗೆ 66ಸಿ ಕಲಮಿನ ಪ್ರಕಾರ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿಗಳವರೆಗೆ ದಂಡವಿದೆ. ಆದರೆ ಟೋಕನ್ನನ್ನೂ ಪಿನ್ನನ್ನೂ ತಾನೇ ಒಪ್ಪಿಸಿದ್ದ ಮಾಲೀಕನಿಗೆ, ಆ ಸಹಿ ತನ್ನದಲ್ಲವೆಂದು ಸಾಧಿಸುವುದು ಸುಲಭವಲ್ಲ.

ದೂರದಿಂದ ಗಣಕಯಂತ್ರ ದುರಸ್ತಿ ಮಾಡುವವರು ಪರದೆಯನ್ನು ತಮ್ಮ ವಶಕ್ಕೆ ಪಡೆಯುವ ಮುನ್ನ ಟೋಕನ್ನನ್ನು ಕಳಚಿಡಬೇಕು. ನೌಕರರ ಹೆಸರಿನಲ್ಲಿ ಸಂಸ್ಥೆಯ ಪ್ರಮಾಣಪತ್ರ ಪಡೆದಿದ್ದರೆ, ಅವರು ಕೆಲಸ ಬಿಟ್ಟ ದಿನವೇ ರದ್ದಿಯಾತಿಗೆ ಅರ್ಜಿ ಸಲ್ಲಿಸಬೇಕು. ಲೆಕ್ಕಪರಿಶೋಧಕರಿಗೆ ಟೋಕನ್ ಕೊಡಲೇಬೇಕಾದಲ್ಲಿ, ಕೊಟ್ಟ ದಿನ, ಉದ್ದೇಶ, ಮರಳಿದ ದಿನ ಇವುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಮರಳಿದೊಡನೆ ಪಿನ್ ಬದಲಾಯಿಸಬೇಕು.

ಆರು ವರ್ಷಗಳ ಲೆಕ್ಕ, ಎರಡು ವರ್ಷಗಳ ಸಹಿ

ಜಿಎಸ್‌ಟಿ ಕಾನೂನಿನ 36ನೇ ಕಲಮಿನಂತೆ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಣೆಯ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. ಸಹಿಯ ಪ್ರಮಾಣಪತ್ರದ ಅವಧಿಯಾದರೋ ಸಾಮಾನ್ಯವಾಗಿ ಒಂದರಿಂದ ಮೂರು ವರ್ಷ. ಇ-ಸೈನ್ ಪದ್ಧತಿಯ ಪ್ರಮಾಣಪತ್ರದ ಆಯುಷ್ಯ 30 ನಿಮಿಷ ಮಾತ್ರ. ತನಿಖೆಯೋ ವ್ಯಾಜ್ಯವೋ ಬರುವ ಹೊತ್ತಿಗೆ ಪ್ರಮಾಣಪತ್ರದ ಅವಧಿ ಮುಗಿದೇ ಇರುತ್ತದೆ. ಆಗ ಮುಖ್ಯವಾಗುವುದು ಸಹಿಯಾದ ಹೊತ್ತು ಯಾವುದು ಎಂಬುದು.

ಚೌಕಟ್ಟಿನಲ್ಲಿ ಕಾಣುವ ವೇಳೆಯು ಸಾಮಾನ್ಯವಾಗಿ ಸಹಿದಾರನ ಗಣಕಯಂತ್ರದ ಗಡಿಯಾರದ್ದು. ಗಡಿಯಾರವನ್ನು ಹಿಂದಕ್ಕೆ ತಿರುಗಿಸಬಹುದು. ಪ್ರಾಧಿಕಾರವೇ ಸಹಿ ಹಾಕಿ ಕೊಡುವ ‘ಟೈಮ್ ಸ್ಟ್ಯಾಂಪ್’ ಇದ್ದರೆ ಈ ಸಂಶಯಕ್ಕೆ ಎಡೆಯಿಲ್ಲ. ಮಹತ್ವದ ಕರಾರುಗಳಲ್ಲಿ ಟೈಮ್ ಸ್ಟ್ಯಾಂಪ್ ಇರುವಂತೆ ಎದುರು ಪಕ್ಷವನ್ನು ಕೇಳಬೇಕು. ಮೂಲ ಕಡತವನ್ನು ಬಂದ ಹಾಗೆಯೇ, ಬೇರೆ ರೂಪಕ್ಕೆ ಪರಿವರ್ತಿಸದೆ ಉಳಿಸಬೇಕು. ಬಂದ ದಿನವೇ ಪರಿಶೀಲಿಸಿ, ಫಲಿತಾಂಶದ ಪರದೆಯ ಪ್ರತಿಯನ್ನು ಕಡತದ ಜೊತೆಗೆ ಇಡುವುದೂ ಉಪಯುಕ್ತ.

ಇವೆಲ್ಲಕ್ಕೂ ಹೆಚ್ಚಿನ ವೆಚ್ಚವಿಲ್ಲ. ಬೇಕಾದದ್ದು ಒಂದು ಕ್ರಮ. ಸಂಸ್ಥೆಯಲ್ಲಿ ಯಾರಾದರೊಬ್ಬರನ್ನು ಪರಿಶೀಲನೆಗೆ ಹೊಣೆಯಾಗಿಸಿ, ಎಷ್ಟು ಮೊತ್ತ ಮೀರಿದರೆ ಪರಿಶೀಲಿಸದೆ ಸರಕು ಕಳಿಸುವಂತಿಲ್ಲ ಎಂಬ ಮಿತಿಯನ್ನು ಮಾಲೀಕರೇ ಗೊತ್ತುಪಡಿಸಿದರೆ ಅರ್ಧ ಕೆಲಸ ಮುಗಿದಂತೆ. ನಾಣ್ಯವನ್ನು ಕಲ್ಲಿನ ಮೇಲೆ ಎಸೆದು ಸದ್ದು ಕೇಳಿ ತೆಗೆದುಕೊಳ್ಳುತ್ತಿದ್ದ ಹಿಂದಿನ ವರ್ತಕರು ಯಾರನ್ನೂ ಅವಮಾನಿಸುತ್ತಿರಲಿಲ್ಲ. ಅದು ಪೇಟೆಯ ನಡವಳಿಕೆಯಾಗಿತ್ತು. ಬಂದ ಸಹಿಯನ್ನು ಪರೀಕ್ಷಿಸಿ ಸ್ವೀಕರಿಸುವುದೂ ಅದೇ ರೀತಿ ಇಂದಿನ ಪೇಟೆಯ ನಡವಳಿಕೆಯಾಗಬೇಕು.